ಕೀಮೋ, ಕರುಳಿನ ಒಳಪದರ ಮತ್ತು ವಾಕರಿಕೆ: ಮನೆಯ ಹಿರಿಯರಿಗೆ ಒಂದು ತಿಳಿವಳಿಕೆ ಪಾಠ



ನಮ್ಮ ಆರೋಗ್ಯ ಶಿಬಿರಕ್ಕೆ ಬರುವ ತಂದೆತಾಯಂದಿರು ಹೆಚ್ಚಾಗಿ ಬಿಪಿ, ಸಕ್ಕರೆ, ಮಂಡಿನೋವು ಎಂದು ಬರುತ್ತಾರೆ. ತಪಾಸಣೆ ಮುಗಿದ ಮೇಲೆ ಕೆಲವರು ಕುರ್ಚಿಯಿಂದ ಏಳದೆ, ದನಿ ತಗ್ಗಿಸಿ ಇನ್ನೊಂದು ಮಾತು ಕೇಳುತ್ತಾರೆ: "ಡಾಕ್ಟ್ರೇ, ಮಗಳಿಗೆ ಕೀಮೋ ಕೊಡ್ತಿದ್ದಾರೆ. ಏನು ಮಾಡಿಕೊಟ್ಟರೂ ಬೇಡ ಅಂತಾಳೆ. ವಾಸನೆ ಬಂದರೆ ಎದ್ದು ಹೋಗ್ತಾಳೆ. ಹೀಗೆ ಉಪವಾಸ ಇದ್ದರೆ ಹೇಗೆ?" ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಬಂದವರು ಇಂಥ ಕಷ್ಟದ ನಡುವೆ ನಿಲ್ಲಬೇಕಾಗುತ್ತದೆ. ಭಾಷೆ ಬೇರೆ, ಆಸ್ಪತ್ರೆಯ ಪದ್ಧತಿ ಬೇರೆ, ಮಕ್ಕಳು ಎಲ್ಲವನ್ನೂ ಬಿಡಿಸಿ ಹೇಳುವುದಿಲ್ಲ. ಅಂಥವರಿಗಾಗಿ ಈ ಹಾಳೆ.

ಇದರಲ್ಲಿ ಮುಖ್ಯವಾಗಿ ಹೇಳಬೇಕಾದ್ದು ಒಂದೇ ಮಾತು. ಕೀಮೋದಲ್ಲಿ ಬರುವ ವಾಕರಿಕೆ ಹಟವಲ್ಲ, ನಿಮ್ಮ ಅಡುಗೆಯ ತಪ್ಪೂ ಅಲ್ಲ. ಅದು ಪೆಟ್ಟು ತಿಂದ ಕರುಳು ಮೆದುಳಿಗೆ ಕಳಿಸುವ ಸುದ್ದಿ. ಆ ಕರುಳಿನ ಪದರ ಮತ್ತೆ ಬೆಳೆಯುತ್ತದೆ. ಅದು ಬೆಳೆಯುವ ತನಕ ಏನು ಮಾಡಬೇಕು, ಏನು ಮಾಡಬಾರದು ಎಂದು ತಿಳಿದಿದ್ದರೆ ನೀವು ಮನೆಯಲ್ಲಿ ಬಹಳ ದೊಡ್ಡ ಸಹಾಯ ಮಾಡಬಲ್ಲಿರಿ.

ಕರುಳಿನ ಒಳಪದರ ಎಂದರೆ ಏನು?

ಸಣ್ಣ ಕರುಳಿನ ಒಳಭಾಗ ನುಣುಪಾದ ಕೊಳವೆಯಂತಿಲ್ಲ. ಟರ್ಕಿ ಟವೆಲ್ ಮೇಲೆ ನೂಲಿನ ಎಳೆಗಳು ಎದ್ದಿರುವಂತೆ ಅಲ್ಲಿ ಲಕ್ಷಾಂತರ ಪುಟ್ಟ ಎಳೆಗಳಿವೆ. ಇವುಗಳಿಂದಾಗಿ ಜೀರ್ಣಾಂಗದ ಒಳಮೈಯನ್ನು ಬಿಚ್ಚಿ ಹಾಸಿದರೆ ಸುಮಾರು 30 ಚದರ ಮೀಟರ್ ಆಗುತ್ತದೆ. ತಿಂದ ಅನ್ನದ ಸಾರ ಈ ಎಳೆಗಳ ಮೂಲಕವೇ ರಕ್ತಕ್ಕೆ ಸೇರುತ್ತದೆ.

ಎಳೆಗಳ ಮೇಲೆ ಒಂದೇ ಸಾಲು ಜೀವಕೋಶಗಳ ಹೊದಿಕೆ ಇದೆ. ಖಾರ, ಹುಳಿ, ರೋಗಾಣು ಎಲ್ಲವನ್ನೂ ತಡೆದು ಅವು ಬೇಗ ಸವೆಯುತ್ತವೆ. ಆದ್ದರಿಂದ ದೇಹ ಈ ಹೊದಿಕೆಯನ್ನು 3ರಿಂದ 5 ದಿನಕ್ಕೊಮ್ಮೆ ಪೂರ್ತಿ ಹೊಸದಾಗಿ ಹಾಕುತ್ತದೆ. ಹೊಸ ಕೋಶಗಳು ಹುಟ್ಟುವುದು ಎಳೆಗಳ ಬುಡದಲ್ಲಿರುವ ಸಣ್ಣ ಗುಂಡಿಗಳಲ್ಲಿ. ಗದ್ದೆಗೆ ಸಸಿಮಡಿ ಇದ್ದ ಹಾಗೆ ಅದು. ಸಸಿ ಅಲ್ಲಿ ಹುಟ್ಟುತ್ತದೆ, ಮೇಲೇರುತ್ತದೆ, ಎಳೆಯ ತುದಿಯಲ್ಲಿ ಕೆಲಸ ಮಾಡಿ ಉದುರುತ್ತದೆ.

ಈ ಪದರಕ್ಕೆ ಮೂರು ಕೆಲಸ: ಆಹಾರ ಹೀರುವುದು, ಹೊಟ್ಟೆಯೊಳಗೆ ಏನಾಗುತ್ತಿದೆ ಎಂದು ಮೆದುಳಿಗೆ ತಿಳಿಸುವುದು, ಕರುಳಿನ ಕೋಟ್ಯಂತರ ರೋಗಾಣುಗಳು ರಕ್ತಕ್ಕೆ ನುಗ್ಗದಂತೆ ಗೋಡೆಯಾಗಿ ನಿಲ್ಲುವುದು. ಕೀಮೋ ಈ ಮೂರನ್ನೂ ಕೆಲವು ದಿನ ಕೆಡಿಸುತ್ತದೆ.

ಕೀಮೋ ಅಲ್ಲಿ ಏನು ಮಾಡುತ್ತದೆ?

ಕ್ಯಾನ್ಸರ್ ಕೋಶದ ಗುಣವೇ ಬೇಗ ಬೇಗ ಒಡೆದು ಎರಡಾಗುವುದು. ಕೀಮೋ ಔಷಧಿಗಳಲ್ಲಿ ಹೆಚ್ಚಿನವು ಹೀಗೆ ಒಡೆಯುತ್ತಿರುವ ಕೋಶಗಳನ್ನು ಹುಡುಕಿ ಕೊಲ್ಲುತ್ತವೆ. ಆದರೆ ಬೇಗ ಒಡೆಯುವುದೆಲ್ಲ ಕ್ಯಾನ್ಸರ್ ಅಲ್ಲ. ಕೂದಲಿನ ಬುಡ, ಎಲುಬಿನ ಒಳಗೆ ರಕ್ತ ತಯಾರಾಗುವ ಮಜ್ಜೆ, ಬಾಯಿಂದ ಗುದದವರೆಗಿನ ಒಳಪದರ ಇವೂ ಬೇಗ ಬೆಳೆಯುವ ಜಾಗಗಳೇ. ಕಳೆನಾಶಕ ಹೊಡೆದಾಗ ಕಳೆಯ ಜೊತೆ ಸಸಿಮಡಿಗೂ ಬಿಸಿ ತಟ್ಟುವಂತೆ ಇಲ್ಲೂ ಆಗುತ್ತದೆ. ಕೂದಲು ಉದುರುವುದು, ಬಿಳಿ ರಕ್ತಕಣ ಇಳಿಯುವುದು, ಬಾಯಿಹುಣ್ಣು, ಭೇದಿ, ಎಲ್ಲದರ ಮೂಲ ಒಂದೇ.

ಇದು ಹೊಸ ಸಂಗತಿಯೇನಲ್ಲ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಅಮೈನಾಪ್ಟೆರಿನ್ ಎಂಬ ಔಷಧಿ ಕೊಟ್ಟ ವರದಿ ಪ್ರಕಟಿಸಿದರು. ಅದನ್ನು ತಯಾರಿಸಿಕೊಟ್ಟದ್ದು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಅದರ ಹತ್ತಿರದ ನೆಂಟನಾದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಬಾಯಿಹುಣ್ಣು ಇಂದಿಗೂ ಅದರ ಗೊತ್ತಿರುವ ಅಡ್ಡಪರಿಣಾಮ.

ಸಮಾಧಾನದ ಸಂಗತಿ ಇಷ್ಟು: ಸಸಿಮಡಿ ಪೂರ್ತಿ ಸಾಯುವುದಿಲ್ಲ. ಉಳಿದ ಬೇರಿನಿಂದ ಅದು ಮತ್ತೆ ಚಿಗುರುತ್ತದೆ. ಎರಡು ಕೀಮೋ ನಡುವೆ ಎರಡು ವಾರವೋ ಮೂರು ವಾರವೋ ಬಿಡುವುದಕ್ಕೆ ಇದೂ ಒಂದು ಕಾರಣ.

ವಾಕರಿಕೆ ಹುಟ್ಟುವುದು ಹೇಗೆ?

ಹಳಸಿದ್ದು ತಿಂದಾಗ ವಾಂತಿಯಾಗುವುದು ದೇಹ ತನ್ನನ್ನು ಕಾಪಾಡಿಕೊಳ್ಳುವ ಬಗೆ. ಅದಕ್ಕಾಗಿ ಕರುಳಿನ ಪದರದಲ್ಲಿ ಕಾವಲುಗಾರ ಕೋಶಗಳಿವೆ. ಅವುಗಳಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ತುಂಬಿರುತ್ತದೆ. ದೇಹದ ಸೆರೊಟೋನಿನ್‌ನಲ್ಲಿ ಶೇಕಡಾ 90ರಷ್ಟು ಇರುವುದು ಮೆದುಳಿನಲ್ಲಲ್ಲ, ಕರುಳಿನಲ್ಲಿ.

ಕೀಮೋ ತಗಲಿದಾಗ ಈ ಕೋಶಗಳು ಸೆರೊಟೋನಿನ್ ಅನ್ನು ಹೊರಚೆಲ್ಲುತ್ತವೆ. ಅದು ಕರುಳಿನಿಂದ ಮೆದುಳಿಗೆ ಹೋಗುವ ವೇಗಸ್ ಎಂಬ ನರವನ್ನು ಕೆರಳಿಸುತ್ತದೆ. "ಒಳಗೆ ವಿಷ ಬಂದಿದೆ, ಹೊರಹಾಕು" ಎಂಬ ಸುದ್ದಿ ಮೇಲೆ ಹೋಗುತ್ತದೆ. ಮೆದುಳಿನ ಬುಡದಲ್ಲಿ ರಕ್ತದಲ್ಲಿರುವ ವಿಷವನ್ನು ನೇರವಾಗಿ ಗುರುತಿಸುವ ಇನ್ನೊಂದು ಪುಟ್ಟ ಜಾಗವೂ ಇದೆ. ಎರಡೂ ಕಡೆಯ ಸುದ್ದಿ ಸೇರಿ ವಾಕರಿಕೆ, ವಾಂತಿ ಆಗುತ್ತದೆ. ಅಂದರೆ ಹೊಟ್ಟೆ ಖಾಲಿಯಿದ್ದರೂ ವಾಂತಿ ಬರಬಹುದು. "ಏನೂ ತಿಂದಿಲ್ಲ, ಅದಕ್ಕೇ ವಾಂತಿ" ಎಂದು ಒತ್ತಾಯದಿಂದ ತಿನ್ನಿಸಿದರೆ ಅದು ನಿಲ್ಲುವುದಿಲ್ಲ.

ವಾಕರಿಕೆಯಲ್ಲಿ ಮೂರು ಬಗೆ.

ಮೊದಲನೆಯದು ಕೀಮೋ ಕೊಟ್ಟ ಕೆಲವು ಗಂಟೆಗಳಲ್ಲಿ, ಮೊದಲ ದಿನ ಬರುವುದು. ಇದರಲ್ಲಿ ಸೆರೊಟೋನಿನ್ ಪಾತ್ರ ದೊಡ್ಡದು.

ಎರಡನೆಯದು ಮರುದಿನದಿಂದ ಸುಮಾರು ಐದನೆಯ ದಿನದವರೆಗೆ ಬರುವುದು. ಇದರಲ್ಲಿ ಸಬ್‌ಸ್ಟೆನ್ಸ್ ಪಿ ಎಂಬ ಬೇರೆ ರಾಸಾಯನಿಕದ ಕೈ ಹೆಚ್ಚು. ಆಸ್ಪತ್ರೆಯಿಂದ ನಗುತ್ತಾ ಬಂದವರು ಎರಡು ದಿನ ಬಿಟ್ಟು ಮಲಗಿಬಿಡುವುದು ಇದರಿಂದ.

ಮೂರನೆಯದು ಮನಸ್ಸು ಕಲಿತ ವಾಕರಿಕೆ. ಹಿಂದಿನ ಸಲ ಕಷ್ಟವಾಗಿದ್ದರೆ ಆಸ್ಪತ್ರೆಯ ವಾಸನೆ ಬಂದರೂ ಸಾಕು, ಕೀಮೋ ಹನಿಸುವ ಮೊದಲೇ ಹೊಟ್ಟೆ ತೊಳಸುತ್ತದೆ. ಇದು ನಾಟಕವಲ್ಲ. ಮೊದಲ ಸಲವೇ ವಾಕರಿಕೆಯನ್ನು ಚೆನ್ನಾಗಿ ತಡೆದರೆ ಇದು ಬರುವ ಸಾಧ್ಯತೆ ಕಡಿಮೆ.

ಹಳೆಯ ನೆನಪು, ಇಂದಿನ ಔಷಧಿ

ನಿಮ್ಮಲ್ಲಿ ಕೆಲವರು 1980ರ ದಶಕದಲ್ಲಿ ಬೆಂಗಳೂರಿನ ಕಿದ್ವಾಯಿಯಲ್ಲೋ ಬೇರೆಡೆಯೋ ಬಂಧುಗಳ ಚಿಕಿತ್ಸೆ ನೋಡಿರಬಹುದು. ಆಗ ಸಿಸ್‌ಪ್ಲಾಟಿನ್ ಕೊಟ್ಟರೆ ದಿನವಿಡೀ ವಾಂತಿ ಆಗುತ್ತಿತ್ತು. ಆ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಅನೇಕರು ಹೆದರುತ್ತಾರೆ. 1990ರ ದಶಕದ ಆರಂಭದಲ್ಲಿ ಒಂಡಾನ್ಸೆಟ್ರಾನ್ ಬಂತು. ಅದು ಸೆರೊಟೋನಿನ್ ನರಕ್ಕೆ ತಾಗದಂತೆ ಬಾಗಿಲು ಮುಚ್ಚುತ್ತದೆ. 2003ರಲ್ಲಿ ಬಳಕೆಗೆ ಬಂದ ಅಪ್ರೆಪಿಟೆಂಟ್ ಎರಡನೆಯ ಬಗೆಯ ವಾಕರಿಕೆಯನ್ನು ತಡೆಯುತ್ತದೆ. ಇವುಗಳ ಜೊತೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್, ಕೆಲವೊಮ್ಮೆ ಒಲಾಂಜಪಿನ್ ಕೊಡುತ್ತಾರೆ. ಒಲಾಂಜಪಿನ್ ಚೀಟಿಯಲ್ಲಿ ಮಾನಸಿಕ ಕಾಯಿಲೆಯ ಔಷಧಿ ಎಂದು ಬರೆದಿರುತ್ತದೆ. ಗಾಬರಿ ಬೇಡ, ಇಲ್ಲಿ ಅದನ್ನು ಕೊಡುವುದು ವಾಕರಿಕೆಗೆ.

ಈಗ ಹೆಚ್ಚಿನವರಿಗೆ ವಾಂತಿಯನ್ನು ತಡೆಯಬಹುದು. ವಾಕರಿಕೆ ಸ್ವಲ್ಪ ಉಳಿಯಬಹುದು. ಎಲ್ಲ ಕೀಮೋದಲ್ಲೂ ಒಂದೇ ಪ್ರಮಾಣದ ವಾಂತಿ ಇಲ್ಲ. ಸಿಸ್‌ಪ್ಲಾಟಿನ್‌ನಲ್ಲಿ ಬಹಳ ಹೆಚ್ಚು, ವಿಂಕ್ರಿಸ್ಟಿನ್‌ನಂಥದರಲ್ಲಿ ತೀರ ಕಡಿಮೆ.

ಇಲ್ಲಿ ಮೂರು ಮಾತು ನೆನಪಿಡಿ.

ಒಂದು, ವಾಂತಿ ತಡೆಯುವ ಮಾತ್ರೆಯನ್ನು ವಾಕರಿಕೆ ಬಂದ ಮೇಲೆ ಅಲ್ಲ, ಬರೆದುಕೊಟ್ಟ ಹೊತ್ತಿಗೆ ಕೊಡಬೇಕು. "ಈಗ ಚೆನ್ನಾಗಿದ್ದಾಳೆ, ಸುಮ್ಮನೆ ಮಾತ್ರೆ ಯಾಕೆ" ಎಂದು ಬಿಡಿಸಬೇಡಿ. ಒಳಗೆ ಹೋದ ಮಾತ್ರೆಯಿಂದಲೇ ಚೆನ್ನಾಗಿರುವುದು. ಕೊಟ್ಟ ಮಾತ್ರೆ ಸಾಲದಿದ್ದರೆ ಬೇರೆ ಮಾತ್ರೆ ಇದೆ, ಆಸ್ಪತ್ರೆಗೆ ಹೇಳಬೇಕು.

ಎರಡು, ಊರಿನಿಂದ ತಂದ ಪೆಟ್ಟಿಗೆಯ ಮಾತ್ರೆ ಕೊಡಬೇಡಿ. ಎಮಿಸೆಟ್ ಎಂದರೆ ಇಲ್ಲಿ ಕೊಡುವ ಒಂಡಾನ್ಸೆಟ್ರಾನೇ. ಹೆಸರು ಬೇರೆ ಎಂದು ಎರಡನ್ನೂ ಕೊಟ್ಟರೆ ಎರಡು ಪಟ್ಟು ಆಗುತ್ತದೆ. ಅದರಿಂದ ಮಲಬದ್ಧತೆಯೂ ಆಗುತ್ತದೆ, ಹೃದಯದ ಬಡಿತಕ್ಕೂ ತೊಂದರೆಯಾಗಬಹುದು.

ಮೂರು, ಡೆಕ್ಸಾಮೆಥಸೋನ್ ಸಕ್ಕರೆ ಏರಿಸುತ್ತದೆ, ನಿದ್ದೆ ಕೆಡಿಸುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಆ ದಿನಗಳಲ್ಲಿ ಹೆಚ್ಚು ಸಲ ಪರೀಕ್ಷಿಸಬೇಕು.

ನಿಮಗೆ ಮಾತ್ರ ಗೊತ್ತಿರುವ ಸಂಗತಿ

ವಾಂತಿ ಯಾರಿಗೆ ಹೆಚ್ಚು ಎಂಬುದಕ್ಕೆ ಕೆಲವು ಸುಳಿವುಗಳಿವೆ. ಹೆಂಗಸರಿಗೆ, ಕಡಿಮೆ ವಯಸ್ಸಿನವರಿಗೆ ಹೆಚ್ಚು. ಚಿಕ್ಕಂದಿನಲ್ಲಿ ಬಸ್ಸಿನಲ್ಲಿ ಆಗುಂಬೆ ಘಾಟಿಯೋ ಚಾರ್ಮಾಡಿ ಘಾಟಿಯೋ ಇಳಿಯುವಾಗ ವಾಂತಿ ಮಾಡುತ್ತಿದ್ದವರಿಗೆ, ಬಸಿರಿನಲ್ಲಿ ಬಹಳ ವಾಂತಿಯಾದವರಿಗೆ ಕೀಮೋದಲ್ಲೂ ಹೆಚ್ಚಾಗಬಹುದು. ಇದು ತಾಯಿಗೆ ನೆನಪಿರುವಷ್ಟು ಮಗಳಿಗೂ ನೆನಪಿರುವುದಿಲ್ಲ. ಮೊದಲ ಕೀಮೋಗೆ ಮುಂಚೆಯೇ ನರ್ಸಿಗೆ ಹೇಳಿಸಿ. ಅದಕ್ಕೆ ತಕ್ಕಂತೆ ಔಷಧಿ ಬದಲಿಸುತ್ತಾರೆ.

ದಿನಗಳ ಲೆಕ್ಕ

ಮೂರು ವಾರಕ್ಕೊಮ್ಮೆ ಕೀಮೋ ಇರುವವರಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ. 1ರಿಂದ 5ನೆಯ ದಿನ ವಾಕರಿಕೆ. 5ರಿಂದ 10ನೆಯ ದಿನದ ಹೊತ್ತಿಗೆ ಹೊದಿಕೆ ಸವೆದು ಬಾಯಿಹುಣ್ಣು, ಭೇದಿ. 7ರಿಂದ 14ನೆಯ ದಿನ ಬಿಳಿ ರಕ್ತಕಣ ಅತಿ ಕಡಿಮೆ. ಮೂರನೆಯ ವಾರದಲ್ಲಿ ಚೇತರಿಕೆ, ಹಸಿವು. ಔಷಧಿಗೆ ತಕ್ಕಂತೆ ಇದು ಹಿಂದೆಮುಂದೆ ಆಗಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪೌಷ್ಟಿಕವಾಗಿ ತಿನ್ನಿಸಬೇಕೆಂಬ ಆಸೆಯನ್ನು ಮೂರನೆಯ ವಾರಕ್ಕೆ ಇಟ್ಟುಕೊಳ್ಳಿ. ಮೊದಲ ವಾರದಲ್ಲಿ ನೀರು ಒಳಗೆ ಹೋದರೆ, ಮಾತ್ರೆ ಒಳಗೆ ಉಳಿದರೆ ಅದೇ ಗೆಲುವು.

ಅಡುಗೆಮನೆಯಲ್ಲಿ

ವಾಸನೆ: ಇಲ್ಲಿ ಚಳಿಗೆ ಕಿಟಕಿ ಮುಚ್ಚಿರುತ್ತೇವೆ. ಸಾಸಿವೆ, ಇಂಗು, ಈರುಳ್ಳಿಯ ಒಗ್ಗರಣೆ ವಾಸನೆ ಗಂಟೆಗಟ್ಟಲೆ ಮನೆಯಲ್ಲೇ ನಿಲ್ಲುತ್ತದೆ. ಫ್ಯಾನ್ ಹಾಕಿ, ಅಡುಗೆಮನೆ ಬಾಗಿಲು ಮುಚ್ಚಿ, ಅವರು ಮಲಗಿದ್ದಾಗಲೋ ಹೊರಗೆ ಹೋದಾಗಲೋ ಒಗ್ಗರಣೆ ಹಾಕಿ. ಬಿಸಿ ಅಡುಗೆಗಿಂತ ಆರಿದ ಅಡುಗೆಗೆ ವಾಸನೆ ಕಡಿಮೆ. ಊದುಬತ್ತಿಯೂ ಆ ಐದು ದಿನ ಬೇಡ, ದೀಪ ಸಾಕು.

ಪ್ರಮಾಣ: ತಟ್ಟೆ ತುಂಬ ಬಡಿಸಬೇಡಿ. ಎರಡು ಗಂಟೆಗೊಮ್ಮೆ ನಾಲ್ಕು ತುತ್ತು. ಮಂಡಕ್ಕಿ, ಒಣ ಟೋಸ್ಟ್, ಇಡ್ಲಿ, ಅಕ್ಕಿ ಗಂಜಿಗೆ ಉಪ್ಪು, ತೆಳ್ಳಗಿನ ಹೆಸರುಬೇಳೆ ತೊವ್ವೆ ಅನ್ನ. ನೀರನ್ನು ಗುಟುಕು ಗುಟುಕಾಗಿ. ಶುಂಠಿ ಇಷ್ಟವಾದರೆ ಅಡುಗೆಗೆ ಹಾಕುವಷ್ಟು ಸರಿ.

ಇಷ್ಟದ ತಿಂಡಿ: ಕೀಮೋ ದಿನ ಹೋಳಿಗೆ ಮಾಡಿ ಕೊಡಬೇಡಿ. ವಾಕರಿಕೆಯ ಹೊತ್ತಿನಲ್ಲಿ ತಿಂದದ್ದರ ಮೇಲೆ ಮನಸ್ಸು ಮುರಿಯುತ್ತದೆ. ಮುಂದೆ ವರ್ಷಗಟ್ಟಲೆ ಅದು ಬೇಡವಾಗಬಹುದು.

ಹಾಲು: ಹಾಲಿನ ಸಕ್ಕರೆಯನ್ನು ಜೀರ್ಣಿಸುವ ರಸ ಇರುವುದು ಕರುಳಿನ ಎಳೆಗಳ ತುದಿಯಲ್ಲಿ. ತುದಿ ಸವೆದಾಗ ಹಾಲು, ಹಾರ್ಲಿಕ್ಸ್, ಪಾಯಸ ಭೇದಿಯನ್ನು ಹೆಚ್ಚಿಸಬಹುದು. ಕೆಲವು ವಾರ ಕಡಿಮೆ ಮಾಡಿ. ಮೊಸರು, ಮಜ್ಜಿಗೆ ಹೆಚ್ಚಿನವರಿಗೆ ಒಗ್ಗುತ್ತದೆ. ಬಿಳಿ ರಕ್ತಕಣ ಕಡಿಮೆಯಿದ್ದಾಗ ಮನೆಯಲ್ಲಿ ಹೆಪ್ಪು ಹಾಕಿದ್ದು ಆಗಬಹುದೇ ಎಂದು ಆಸ್ಪತ್ರೆಯ ಆಹಾರ ತಜ್ಞರನ್ನು ಕೇಳಿ.

ನಾರು: ನಾರಿನಂಶ ತಿನ್ನಿ ಎಂದು ಜಗತ್ತಿಗೆಲ್ಲ ಸಾರಿದ ಡಾ. ಡೆನಿಸ್ ಬರ್ಕಿಟ್ ಈ ದ್ವೀಪದವರೇ. 1911ರಲ್ಲಿ ಎನ್ನಿಸ್ಕಿಲ್ಲನ್‌ನಲ್ಲಿ ಹುಟ್ಟಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ವೈದ್ಯ ಕಲಿತವರು. ಉಗಾಂಡದ ಮಕ್ಕಳ ದವಡೆಯಲ್ಲಿ ಬರುವ ಒಂದು ಬಗೆಯ ಕ್ಯಾನ್ಸರನ್ನು 1958ರಲ್ಲಿ ವಿವರಿಸಿದರು. ಅದು ಇಂದಿಗೂ ಅವರ ಹೆಸರಿನಲ್ಲಿದೆ, ಕೀಮೋದಿಂದ ಗುಣವಾಗುವ ಕ್ಯಾನ್ಸರ್‌ಗಳಲ್ಲಿ ಒಂದು. ಅವರ ನಾರಿನ ಮಾತು ಆರೋಗ್ಯವಂತರಿಗೆ ಸರಿ. ಆದರೆ ಕೀಮೋದಲ್ಲಿ ಭೇದಿ ಆಗುವಾಗ ಸೊಪ್ಪು, ಇಡಿ ಕಾಳು, ರಾಗಿ ಮುದ್ದೆ ಸ್ವಲ್ಪ ದಿನ ಬಿಡಬೇಕು. ಮೆತ್ತಗಿನ ಅನ್ನ, ಬಾಳೆಹಣ್ಣು ಸಾಕು. ಭೇದಿ ನಿಂತು ಮಲಬದ್ಧತೆ ಆದರೆ ನಾರು ಮತ್ತೆ ಬರಲಿ.

ಬಾಯಿಹುಣ್ಣು: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ ಉಗುಳಲಿ. ಮೆತ್ತನೆಯ ಬ್ರಷ್ ಬಳಸಲಿ. ಉಪ್ಪಿನಕಾಯಿ, ನಿಂಬೆ, ಸುಡುವ ಸಾರು ಬೇಡ.

ಉಪ್ಪು ಸಕ್ಕರೆ ನೀರು: ಇಲ್ಲಿ ಔಷಧಿ ಅಂಗಡಿಯಲ್ಲಿ ಸಿಗುವ ಡಯೊರಲೈಟ್‌ನ ಒಂದು ಪೊಟ್ಟಣ 200 ಮಿಲಿ ನೀರಿಗೆ. ಊರಿನ ಎಲೆಕ್ಟ್ರಾಲ್‌ನ ದೊಡ್ಡ ಪೊಟ್ಟಣ 1 ಲೀಟರ್ ನೀರಿಗೆ. ಒಂದರ ಅಳತೆಯಲ್ಲಿ ಇನ್ನೊಂದನ್ನು ಕಲಸಬೇಡಿ, ಪೊಟ್ಟಣದ ಮೇಲೆ ಬರೆದದ್ದನ್ನು ಓದಿಸಿ.

ಶುಚಿ: ರಾತ್ರಿ ಹೊರಗಿಟ್ಟ ಅನ್ನದಿಂದ ಬೆಳಿಗ್ಗೆ ಚಿತ್ರಾನ್ನ ಬೇಡ. ಹಸಿ ಮೊಳಕೆಕಾಳು, ನೆನೆಸಿದ ಬೇಳೆಯ ಕೋಸಂಬರಿ ಬೇಡ. ದೇವಸ್ಥಾನದ ಪ್ರಸಾದ ಬಹಳ ಹೊತ್ತು ಹೊರಗಿದ್ದರೆ ಕಣ್ಣಿಗೆ ಒತ್ತಿಕೊಂಡು ಬೇರೆಯವರಿಗೆ ಕೊಡಿ, ದೇವರು ಕೋಪಿಸಿಕೊಳ್ಳುವುದಿಲ್ಲ.

ಯಾವಾಗ ತಡಮಾಡಬಾರದು

ವಾಕರಿಕೆ ಕಷ್ಟ ಕೊಡುತ್ತದೆ. ಆದರೆ ಪ್ರಾಣಕ್ಕೆ ಹೆಚ್ಚು ಅಪಾಯ ತರುವುದು ಗೋಡೆ ಒಡೆಯುವುದು. ಪದರ ಸವೆದಾಗ ಕರುಳಿನ ರೋಗಾಣು ರಕ್ತಕ್ಕೆ ಸೇರಬಹುದು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಬಿಳಿ ರಕ್ತಕಣವೂ ಕಡಿಮೆ. ಆದ್ದರಿಂದ ಇವುಗಳಲ್ಲಿ ಯಾವುದಾದರೂ ಕಂಡರೆ, ರಾತ್ರಿ ಎರಡು ಗಂಟೆಯಾದರೂ, ಆಸ್ಪತ್ರೆ ಕೊಟ್ಟಿರುವ ಕೀಮೋ ಕಾರ್ಡಿನಲ್ಲಿರುವ ನಂಬರಿಗೆ ಕೂಡಲೇ ಫೋನ್ ಮಾಡಿಸಿ:

• ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್, ಅಥವಾ ಹೆಚ್ಚು
• ಜ್ವರ ಇಲ್ಲದಿದ್ದರೂ ಚಳಿ ನಡುಕ, ಏಕಾಏಕಿ ತೀರ ಸುಸ್ತು
• ಮಾತ್ರೆ, ನೀರು ಯಾವುದೂ ಹೊಟ್ಟೆಯಲ್ಲಿ ನಿಲ್ಲದಿರುವುದು
• ದಿನಕ್ಕೆ ಎಂದಿಗಿಂತ 4 ಸಲ ಅಥವಾ ಹೆಚ್ಚು ಭೇದಿ
• ವಾಂತಿ ಅಥವಾ ಮಲದಲ್ಲಿ ರಕ್ತ, ಕಪ್ಪು ಮಲ, ಜೋರು ಹೊಟ್ಟೆನೋವು
• ಮೂತ್ರ ತೀರ ಕಡಿಮೆ, ನಿಂತರೆ ತಲೆಸುತ್ತು
• ನೀರು ನುಂಗಲಾಗದಷ್ಟು ಬಾಯಿಹುಣ್ಣು

ಫೋನ್ ಮಾಡುವ ಮೊದಲು ಕ್ರೋಸಿನ್, ಪ್ಯಾರಸಿಟಮಾಲ್ ಕೊಡಬೇಡಿ, ಅದು ಜ್ವರವನ್ನು ಮುಚ್ಚಿಡುತ್ತದೆ. ಕೇಳದೆ ಭೇದಿ ನಿಲ್ಲಿಸುವ ಮಾತ್ರೆಯನ್ನೂ ಕೊಡಬೇಡಿ. ಕೀಮೋ ಅಲ್ಲ, ಇಮ್ಯುನೊಥೆರಪಿ ನಡೆಯುತ್ತಿದ್ದರೆ ಭೇದಿಯ ಕಾರಣವೂ ಚಿಕಿತ್ಸೆಯೂ ಬೇರೆ, ಅದನ್ನೂ ತಿಳಿಸಲೇಬೇಕು. ಪ್ರಜ್ಞೆ ತಪ್ಪಿದರೆ, ಉಸಿರಾಟ ಕಷ್ಟವಾದರೆ 112 ಅಥವಾ 999. ಮನೆಯಲ್ಲಿ ನೀವಿಬ್ಬರೇ ಇರುವ ಹೊತ್ತಿಗೆಂದು ಆ ಕಾರ್ಡು, ಮನೆಯ ವಿಳಾಸ, ಏರ್‌ಕೋಡ್ ಎಲ್ಲವನ್ನೂ ಫ್ರಿಜ್ ಬಾಗಿಲಿಗೆ ಅಂಟಿಸಿಡಿ.

ನೀವು ಕೇಳುವ ಪ್ರಶ್ನೆಗಳು

ಅಮೃತಬಳ್ಳಿ ಕಷಾಯ, ಅಶ್ವಗಂಧ, ಅರಿಶಿನದ ಮಾತ್ರೆ ಕೊಡಬಹುದೇ? ಅಡುಗೆಯ ಅರಿಶಿನಕ್ಕೆ ತೊಂದರೆಯಿಲ್ಲ. ಕಷಾಯ, ಮಾತ್ರೆಗಳು ಬೇಡ. ಕೀಮೋವನ್ನು ಅರಗಿಸುವುದು ಹೆಚ್ಚಾಗಿ ಪಿತ್ತಜನಕಾಂಗ. ಅಮೃತಬಳ್ಳಿಯಿಂದ ಪಿತ್ತಜನಕಾಂಗಕ್ಕೆ ಪೆಟ್ಟಾದ ವರದಿಗಳು ಭಾರತದಿಂದಲೇ ಬಂದಿವೆ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ, ಯಾರೂ ಬೈಯುವುದಿಲ್ಲ.

ಏಕಾದಶಿ ಉಪವಾಸ? ಚಿಕಿತ್ಸೆ ಮುಗಿಯುವವರೆಗೆ ಅವರ ಪಾಲಿನ ಉಪವಾಸವನ್ನು ನೀವು ಮಾಡಿ, ನಿಮ್ಮ ಸಕ್ಕರೆ, ಮಾತ್ರೆ ನೋಡಿಕೊಂಡು.

ಮೊಮ್ಮಕ್ಕಳು ಹತ್ತಿರ ಹೋಗಬಹುದೇ? ಹೋಗಬಹುದು. ತಬ್ಬಿಕೊಳ್ಳಬಹುದು, ಪಕ್ಕದಲ್ಲಿ ಮಲಗಬಹುದು. ಶೀತ, ಜ್ವರ ಇರುವ ಮಗು ಮಾತ್ರ ದೂರ ಇರಲಿ. ಕೀಮೋ ಆದ ಮೊದಲ ಕೆಲವು ದಿನ ವಾಂತಿ, ಮಲ, ಮೂತ್ರದಲ್ಲಿ ಔಷಧಿ ಇರುತ್ತದೆ. ಅದನ್ನು ಒರೆಸುವಾಗ ಗ್ಲೌಸ್ ಹಾಕಿ, ಟಾಯ್ಲೆಟ್ ಮುಚ್ಚಳ ಮುಚ್ಚಿ ಫ್ಲಶ್ ಮಾಡಿ, ಕೈ ತೊಳೆಯಿರಿ. ಬಸಿರಿಯರು ಆ ಕೆಲಸ ಮಾಡಬಾರದು.

ನನಗೇ ಚಿಕಿತ್ಸೆ ನಡೆಯುತ್ತಿದೆ, ಕೆಪಿಸಿಟಬೈನ್ ಮಾತ್ರೆ ತಂದಿದ್ದೇನೆ. ಏನು ಮಾಡಲಿ? ಮಕ್ಕಳಿಗೆ ತೊಂದರೆಯಾಗುತ್ತದೆ ಎಂದು ಮುಚ್ಚಿಡಬೇಡಿ. ಅದೂ ಕೀಮೋವೇ. ಡಿಸ್ಚಾರ್ಜ್ ಪತ್ರ, ಮಾತ್ರೆಯ ಹೆಸರು, ಪ್ರಮಾಣ ಕೈಯಲ್ಲಿರಲಿ. ಭೇದಿಯಾದರೆ, ಅಂಗೈ ಅಂಗಾಲು ಕೆಂಪಾಗಿ ಉರಿದರೆ, ಜ್ವರ ಬಂದರೆ ಮುಂದಿನ ಮಾತ್ರೆ ನುಂಗುವ ಮೊದಲು ವೈದ್ಯರನ್ನು ಕೇಳಿ. ಮೇಲಿನ ಪಟ್ಟಿ ನಿಮಗೂ ಅನ್ವಯಿಸುತ್ತದೆ. ಕಾರ್ಡ್ ಇಲ್ಲದಿದ್ದರೆ ನೇರ ತುರ್ತು ವಿಭಾಗಕ್ಕೆ ಹೋಗಿ "ಕೀಮೋ ತೆಗೆದುಕೊಳ್ಳುತ್ತಿದ್ದೇನೆ" ಎಂದು ಮೊದಲ ಮಾತಿನಲ್ಲೇ ಹೇಳಿ.

ಯಾರನ್ನು ಕೇಳುವುದು? ಡಬ್ಲಿನ್ನಿನ ಸೇಂಟ್ ಜೇಮ್ಸ್, ಮೇಟರ್, ಬೋಮಾಂಟ್, ಸೇಂಟ್ ವಿನ್ಸೆಂಟ್ಸ್ ಆಗಲಿ, ಕಾರ್ಕ್, ಗಾಲ್ವೇ, ಲಿಮರಿಕ್, ವಾಟರ್‌ಫರ್ಡ್ ಆಗಲಿ, ಡೇ ವಾರ್ಡಿನ ನರ್ಸ್‌ಗಳು ನಿಮ್ಮ ಪ್ರಶ್ನೆಗೆ ಉತ್ತರಿಸುತ್ತಾರೆ. ದುಭಾಷಿ ಬೇಕೆಂದು ಮೊದಲೇ ಕೇಳಬಹುದು. ಐರಿಷ್ ಕ್ಯಾನ್ಸರ್ ಸೊಸೈಟಿಯ ಉಚಿತ ಸಹಾಯವಾಣಿ 1800 200 700. ಅನೇಕ ಆಸ್ಪತ್ರೆಗಳಲ್ಲಿ ಅವರ ಡ್ಯಾಫೊಡಿಲ್ ಕೇಂದ್ರವೂ ಇದೆ.

ಕೊನೆಯ ಮಾತು

ನಮ್ಮಲ್ಲಿ ಪ್ರೀತಿ ಎಂದರೆ ಬಡಿಸುವುದು. "ಇನ್ನೊಂದು ತುತ್ತು" ಎನ್ನದ ತಾಯಿ ಇಲ್ಲ. ಆದರೆ ಈ ದಿನಗಳಲ್ಲಿ ಪ್ರತಿ ಊಟವೂ ವಾದವಾದರೆ ಕಾಯಿಲೆಯವರು ನಿಮ್ಮ ಮನಸ್ಸು ನೋಯಿಸಬಾರದೆಂದು ತಿಂದು, ಬಚ್ಚಲಿಗೆ ಹೋಗಿ ವಾಂತಿ ಮಾಡುತ್ತಾರೆ. "ಬೇಡವಾದರೆ ಬಿಡಮ್ಮ, ಬೇಕೆನಿಸಿದಾಗ ಹೇಳು, ಬಿಸಿ ಮಾಡಿಕೊಡ್ತೀನಿ" ಎಂದು ಹೇಳಿ ಪಕ್ಕದಲ್ಲಿ ಕುಳಿತರೆ ಅದೂ ಬಡಿಸಿದ ಹಾಗೆಯೇ. ಮಾತ್ರೆಯ ಹೊತ್ತು ನೋಡುವುದು, ಜ್ವರ ಅಳೆಯುವುದು, ಲೋಟದಲ್ಲಿ ನೀರು ಎಷ್ಟು ಇಳಿಯಿತೆಂದು ಗಮನಿಸುವುದು, ಮೊಮ್ಮಗುವನ್ನು ಶಾಲೆಗೆ ಬಿಟ್ಟು ಬರುವುದು, ಇವೆಲ್ಲ ಚಿಕಿತ್ಸೆಯ ಭಾಗವೇ. ಕರುಳಿನ ಸಸಿಮಡಿ ತಾನಾಗಿ ಚಿಗುರುತ್ತದೆ. ಅಲ್ಲಿಯವರೆಗೆ ಬೇಲಿಯಂತೆ ನಿಲ್ಲುವುದು ನಮ್ಮ ಕೆಲಸ.

ಈ ಹಾಳೆ ಸಾಮಾನ್ಯ ತಿಳಿವಳಿಕೆಗಾಗಿ. ಅವರವರ ಔಷಧಿ, ಆಹಾರದ ವಿಷಯದಲ್ಲಿ ಚಿಕಿತ್ಸೆ ಕೊಡುವ ವೈದ್ಯರ ಮಾತೇ ಅಂತಿಮ. ಸಂಶಯವಿದ್ದರೆ ಶಿಬಿರದಲ್ಲಿ ಬಂದು ಕೇಳಿ, ಸಂಕೋಚ ಬೇಡ.

ಎಲ್ಲರಿಗೂ ಒಳ್ಳೆಯದಾಗಲಿ.